ಹದಿನಾಲ್ಕು ಕ್ಯಾಸೆಟ್‌ಗಳಿಗೆ ಎಷ್ಟು ಸರ್ವರ್ ಬೇಕು?

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯ ಹಳ್ಳಿಯೊಂದರಿಂದ ಬಂದವನು, ಏಳು ವರ್ಷಗಳಿಂದ ಬೆಂಗಳೂರಿನಲ್ಲಿ ಕ್ಲೌಡ್ ಎಂಜಿನಿಯರ್ ಆಗಿದ್ದೇನೆ. ನಮ್ಮ ಅಜ್ಜಿ ಹಾಡುತ್ತಿದ್ದ ಬೀಸುವ ಪದಗಳನ್ನು ಸೋದರಮಾವ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಹದಿನಾಲ್ಕು ಕ್ಯಾಸೆಟ್‌ಗಳು ಮನೆಯಲ್ಲಿವೆ. ಅವುಗಳನ್ನು ಉಳಿಸಿ, ಬೇಕಾದ ಹಾಡನ್ನು ಹುಡುಕಿ ಕೇಳುವಂತೆ ಮಾಡಬೇಕೆಂದು ಕಳೆದ ವರ್ಷ ಕುಬರ್ನೆಟಿಸ್ ಕ್ಲಸ್ಟರ್, ಅಂದರೆ ಅನೇಕ ಸರ್ವರ್‌ಗಳನ್ನು ಒಟ್ಟಿಗೆ ನಡೆಸುವ ವ್ಯವಸ್ಥೆ, ಕಟ್ಟಲು ಆರಂಭಿಸಿದೆ. ಮೂರು ವಾರಕ್ಕೆ ಕೈಬಿಟ್ಟೆ. ಹಿಂದಿನ ನಾಲ್ಕೈದು ಸ್ವಂತ ಯೋಜನೆಗಳೂ ಹೀಗೆಯೇ ನಿಂತುಹೋಗಿವೆ. ನನ್ನಲ್ಲಿ ಸೃಜನಶೀಲತೆ ಇಲ್ಲವೇ, ಅಥವಾ ಇದು ಬರೀ ಕೆಲಸದ ದಣಿವೇ? ಎಐ ಎಲ್ಲವನ್ನೂ ಬರೆದುಕೊಡುತ್ತಿರುವಾಗ ಇಂಥ ಯೋಜನೆಗಳಿಗೆ ಅರ್ಥವಿದೆಯೇ? ಖರ್ಚು ಮತ್ತು ಕಂಪನಿಯ ಕರಾರಿನ ವಿಷಯದಲ್ಲಿ ಯಾವ ಎಚ್ಚರ ಬೇಕು?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಕ್ಯಾಸೆಟ್‌ಗಳು ಎರಡೂ ಬದಿ ಸೇರಿ ಒಂದೊಂದು ಗಂಟೆಯವು ಎಂದಿಟ್ಟುಕೊಳ್ಳಿ. ಹಳೆಯ ಟೇಪ್‌ಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಇರಲೇಬೇಕಾದ ಗುಣಮಟ್ಟವೆಂದು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಹೇಳುವುದು ಸೆಕೆಂಡಿಗೆ 48,000 ಮಾದರಿ, ಪ್ರತಿ ಮಾದರಿಗೆ 24 ಬಿಟ್. ಒಂದೇ ಚಾನೆಲ್ಲಿನ ದನಿಗೆ ಇದು ಸೆಕೆಂಡಿಗೆ 1,44,000 ಬೈಟ್, ಗಂಟೆಗೆ ಸುಮಾರು 518 ಎಂಬಿ, ಹದಿನಾಲ್ಕೂ ಕ್ಯಾಸೆಟ್‌ಗಳಿಗೆ ಸೇರಿ ಸುಮಾರು 7.3 ಜಿಬಿ ಆಗುತ್ತದೆ. ಕ್ಯಾಸೆಟ್‌ಗಳು ತೊಂಬತ್ತು ನಿಮಿಷದವಾಗಿದ್ದರೂ 11 ಜಿಬಿ ದಾಟುವುದಿಲ್ಲ. ಅಂಗಡಿಯಲ್ಲಿ ಸಿಗುವ 16 ಜಿಬಿಯ ಪೆನ್‌ಡ್ರೈವ್‌ನಲ್ಲಿ ನಿಮ್ಮ ಅಜ್ಜಿಯ ಹಾಡುಗಳೆಲ್ಲವೂ ಹಿಡಿಸಿ, ಇನ್ನೂ ಜಾಗ ಉಳಿಯುತ್ತದೆ. ಇಷ್ಟಕ್ಕೆ ಕ್ಲಸ್ಟರ್ ಬೇಕಿರಲಿಲ್ಲ. ಒಂದು ಸರ್ವರ್ ಕೂಡ ಬೇಕಿರಲಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಎದ್ದು ಕಂಡದ್ದು ಬೇರೊಂದು ಸಂಗತಿ: ಆ ಮೂರು ವಾರಗಳಲ್ಲಿ ನೀವು ಒಂದು ಕ್ಯಾಸೆಟ್ಟನ್ನಾದರೂ ಹಾಕಿ ಕೇಳಿದಿರೆಂದು ಎಲ್ಲಿಯೂ ಬರೆದಿಲ್ಲ. ಕೇಳಿರಲಿಲ್ಲವಾದರೆ ನೀವು ಕೈಬಿಟ್ಟದ್ದು ಅಜ್ಜಿಯ ಹಾಡಿನ ಯೋಜನೆಯನ್ನಲ್ಲ. ಕಚೇರಿಯಲ್ಲಿ ದಿನವೂ ಮಾಡುವ ಕೆಲಸವನ್ನೇ ಸಂಬಳವಿಲ್ಲದೆ ರಾತ್ರಿ ಮತ್ತೊಮ್ಮೆ ಮಾಡಲು ಹೊರಟು, ದಣಿದು ನಿಲ್ಲಿಸಿದ್ದೀರಿ. ಹಾಗೆ ನಿಲ್ಲಿಸಿದ್ದು ಸರಿಯೇ ಆಯಿತು. ಅದರಿಂದ ನಿಮ್ಮ ಸೃಜನಶೀಲತೆಯ ಬಗ್ಗೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಇದನ್ನು ನಾನು ಇಷ್ಟು ಖಚಿತವಾಗಿ ಹೇಳಲು ಕಾರಣ, ಇದೇ ದಾರಿಯಲ್ಲಿ ನಾನೂ ಹೋಗಿ ಬಂದವನು. ನನ್ನ ತಂದೆಯವರು ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಲ್ಲಿದ್ದಾರೆ. ಕನ್ನಡ ಮೇಷ್ಟರಾಗಿ ನಿವೃತ್ತರಾದ ಮೇಲೆ ಗಮಕ ವಾಚನವನ್ನು ಹಿಡಿದುಕೊಂಡರು. ಮಕ್ಕಳಿಗೆ ಛಂದಸ್ಸು ಹೇಳಿಕೊಡುವಾಗ ಪದ್ಯದ ಮೇಲೆ ಲಘು ಗುರುಗಳ ಗುರುತು ಹಾಕಿ ತೋರಿಸುವ, ಅಂದರೆ ಪ್ರಸ್ತಾರ ಹಾಕುವ ಒಂದು ಸಾಧನ ಕಂಪ್ಯೂಟರಿನಲ್ಲಿ ಇದ್ದರೆ ಅನುಕೂಲವೆಂದು ಅವರು ಒಮ್ಮೆ ಹೇಳಿದರು. ನಾನು ಒಪ್ಪಿ, ಕೆಲಸದ ಅಭ್ಯಾಸದಂತೆ ಮೊದಲು ಕಟ್ಟಿದ್ದು ತಂತ್ರಾಂಶವನ್ನು ನಡೆಸುವ ಎರಡು ಕಂಟೇನರ್‌ಗಳು, ಅವುಗಳ ಮುಂದೆ ಬಂದ ಕೆಲಸವನ್ನು ಹಂಚಿಕೊಡುವ ಒಂದು ಲೋಡ್ ಬ್ಯಾಲೆನ್ಸರ್, ಹಿಂದೆ ಒಂದು ಡೇಟಾಬೇಸ್, ಪಕ್ಕದಲ್ಲಿ ನಿಗಾ ವ್ಯವಸ್ಥೆ. ಬಳಸುವವರು ಒಬ್ಬರೇ, ನನ್ನ ತಂದೆ. ಮಳೆಗಾಲ ಶುರುವಾದೊಡನೆ ಆ ಒಬ್ಬರಿಗೂ ಅದು ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಆಷಾಢದ ಮಳೆಯಲ್ಲಿ ನಮ್ಮ ಊರಿನ ಕರೆಂಟು ಹೋದರೆ ನೆಟ್‌ವರ್ಕ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಮುಂಬೈಯ ಡೇಟಾ ಸೆಂಟರಿನಲ್ಲಿ ನನ್ನ ಎರಡೂ ಕಂಟೇನರ್‌ಗಳು ಎಚ್ಚರವಾಗಿದ್ದವು, ಊರಿನಲ್ಲಿ ತಂದೆಯವರು ಮತ್ತೆ ಪೆನ್ಸಿಲ್ ಹಿಡಿದು ಕಾಗದದ ಮೇಲೆ ಪ್ರಸ್ತಾರ ಹಾಕುತ್ತಿದ್ದರು.

ಆ ವರ್ಷದ ಶ್ರಾವಣದಲ್ಲಿ ಎಲ್ಲವನ್ನೂ ಕಿತ್ತುಹಾಕಿದೆ. ಒಂದು ಪದ್ಯದಲ್ಲಿ ಮಾತ್ರೆ, ಅಂದರೆ ಅಕ್ಷರ ನುಡಿಯುವ ಕಾಲದ ಅಳತೆ, ಎಣಿಸುವುದಕ್ಕೆ ಬೇಕಾದ ಗಣನೆ ಅತ್ಯಲ್ಪ. ಅದನ್ನು ಅವರ ಲ್ಯಾಪ್‌ಟಾಪಿನ ಬ್ರೌಸರೇ ಮಾಡಬಲ್ಲದು. ಈಗ ಆ ಸಾಧನವೆಂದರೆ ಒಂದೇ ಒಂದು ಫೈಲು. ಅದು ಅವರ ಯಂತ್ರದಲ್ಲಿಯೇ ಇದೆ. ನೆಟ್‌ವರ್ಕ್ ಇಲ್ಲದಿದ್ದರೂ ತೆರೆದುಕೊಳ್ಳುತ್ತದೆ. ಅದರ ತಿಂಗಳ ಖರ್ಚು ಸೊನ್ನೆ. ಇಷ್ಟು ಸರಳವಾದ ಉತ್ತರಕ್ಕೆ ಬರಲು ನನಗೆ ನಾಲ್ಕು ತಿಂಗಳು ಹಿಡಿದದ್ದು ಏಕೆಂದು ಆಮೇಲೆ ಬಹಳ ಯೋಚಿಸಿದ್ದೇನೆ.

ನಮ್ಮ ವೃತ್ತಿಯ ಸ್ವಭಾವದಲ್ಲಿಯೇ ಅದಕ್ಕೆ ಕಾರಣವಿದೆ. 2006ರ ಮಾರ್ಚ್‌ನಲ್ಲಿ ಅಮೆಜಾನ್ ತನ್ನ ಎಸ್‌3 ಸಂಗ್ರಹ ಸೇವೆಯನ್ನೂ ಅದೇ ವರ್ಷದ ಆಗಸ್ಟ್‌ನಲ್ಲಿ ಬಾಡಿಗೆ ಸರ್ವರ್‌ಗಳ ಇಸಿ2 ಸೇವೆಯನ್ನೂ ಆರಂಭಿಸಿದ ಮೇಲೆ, ಯಂತ್ರ ಬೇಕೆಂದರೆ ಆರ್ಡರ್ ಹಾಕಿ ವಾರಗಟ್ಟಲೆ ಕಾಯಬೇಕಿದ್ದ ಕಾಲ ಮುಗಿಯಿತು. ಬೇಕಾದಷ್ಟು ಯಂತ್ರಗಳು ಕೇಳಿದ ಕೆಲವೇ ನಿಮಿಷಗಳಲ್ಲಿ ಸಿಗತೊಡಗಿದವು. ಹೀಗೆ ಮಿತಿಯೆಂಬುದೇ ಕಣ್ಣಿಗೆ ಕಾಣದಂತೆ ಮಾಡುವುದು ನಮ್ಮ ಕಸುಬಿನ ಒಂದು ಗುರಿ. ಇನ್ನೊಂದು ಗುರಿ, ಅನಿರೀಕ್ಷಿತವಾದದ್ದು ಯಾವುದೂ ನಡೆಯದಂತೆ ನೋಡಿಕೊಳ್ಳುವುದು. ಆನ್-ಕಾಲ್ ಸರದಿಯಲ್ಲಿ, ಅಂದರೆ ತೊಂದರೆಯಾದರೆ ಯಾವ ಹೊತ್ತಿನಲ್ಲಾದರೂ ಎದ್ದು ನೋಡಬೇಕಾದ ಪಾಳಿಯಲ್ಲಿ, ರಾತ್ರಿ ಮೂರು ಗಂಟೆಗೆ ಫೋನು ಬಡಿದುಕೊಂಡು ಎದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮ ಲೋಕದಲ್ಲಿ ಅಚ್ಚರಿ ಎಂದರೆ ಅವಘಡ, ಏನೂ ನಡೆಯದ ದಿನವೇ ಒಳ್ಳೆಯ ದಿನ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಆಸ್ಪತ್ರೆಯ ದಾಖಲೆ, ಬ್ಯಾಂಕಿನ ವ್ಯವಹಾರ, ರೈಲಿನ ಟಿಕೆಟ್ಟು ಎಲ್ಲವೂ ನಿಂತಿರುವುದು ಇಂಥ ಏನೂ ನಡೆಯದ ದಿನಗಳ ಮೇಲೆ, ಅವುಗಳನ್ನು ಕಾಯುವವರ ದುಡಿಮೆಯ ಮೇಲೆ. ಆದರೆ ಹೊಸತೊಂದನ್ನು ಕಟ್ಟುವ ಕೆಲಸಕ್ಕೆ ಬೇಕಾಗುವುದು ಇದಕ್ಕೆ ತೀರ ವಿರುದ್ಧವಾದ ಮನಸ್ಸು. ಅಲ್ಲಿ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು, ಅಚ್ಚರಿಗೆ ಬಾಗಿಲು ತೆರೆದಿಡಬೇಕು. ಹಗಲೆಲ್ಲ ಬಾಗಿಲು ಮುಚ್ಚುವುದನ್ನೇ ಅಭ್ಯಾಸ ಮಾಡಿದ ಕೈ ರಾತ್ರಿಯೂ ಅದನ್ನೇ ಮಾಡುತ್ತದೆ. ನಿಮ್ಮ ಕ್ಲಸ್ಟರ್, ನನ್ನ ಲೋಡ್ ಬ್ಯಾಲೆನ್ಸರ್ ಎರಡೂ ಹುಟ್ಟಿದ್ದು ಹೀಗೆ; ಅಜ್ಜಿಯ ಹಾಡಿನಲ್ಲಿ ಏನಿದೆಯೆಂದು ತಿಳಿಯುವ ಮೊದಲೇ ಅದಕ್ಕೆ ಏನೂ ಆಗದಂಥ ಭದ್ರವಾದ ಕೋಟೆ ಕಟ್ಟಲು ಹೊರಟಿರಿ.

ಛಂದಸ್ಸಿನ ಸಾಧನವು ನನಗೆ ಕಲಿಸಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮುಂದೆ ನಿಮ್ಮ ಕ್ಯಾಸೆಟ್‌ಗಳ ಮಾತು ಬಂದಾಗ ಇದು ಬೇಕಾಗುತ್ತದೆ. ಶಾಲೆಯಲ್ಲಿ ಕಲಿತ ನಿಯಮ ಸರಳವಾಗಿದೆ: ಹ್ರಸ್ವ ಸ್ವರವಿರುವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ, ದೀರ್ಘ ಸ್ವರವಿರುವುದು, ಅನುಸ್ವಾರ ವಿಸರ್ಗ ಕೂಡಿದ್ದು, ಒತ್ತಕ್ಷರದ ಹಿಂದಿನದು ಗುರು, ಅದಕ್ಕೆ ಎರಡು ಮಾತ್ರೆ. ಹೀಗಾಗಿ ‘ಕನ್ನಡ’ ನಾಲ್ಕು ಮಾತ್ರೆಯ ಪದ, ‘ಬೆಂಗಳೂರು’ ಆರು ಮಾತ್ರೆಯದು. ಇದನ್ನು ಯಂತ್ರಕ್ಕೆ ಹೇಳಹೊರಟಾಗ ಎದುರಾದ ಮೊದಲ ತೊಡಕೆಂದರೆ, ಕನ್ನಡಿಗರ ಅಕ್ಷರವೇ ಬೇರೆ, ಕಂಪ್ಯೂಟರಿನ ಅಕ್ಷರವೇ ಬೇರೆ. ನಾವು ಒಂದೇ ಅಕ್ಷರವೆಂದು ಓದುವ ‘ಕ್ಷ’ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕ, ಹಲಂತ (ಸ್ವರವಿಲ್ಲವೆಂದು ತೋರುವ ಚಿಹ್ನೆ), ಷ ಎಂಬ ಮೂರು ಸಂಕೇತಗಳ ಸರಣಿ. ಫೈಲಿನಲ್ಲಿ ಉಳಿಸುವ ಯುಟಿಎಫ್-8 ರೂಪದಲ್ಲಿ ಅದು ಒಂಬತ್ತು ಬೈಟ್. ‘ಕೋ’ ಎಂಬುದನ್ನು ಓಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘದ ಗುರುತು ಎಂಬ ಮೂರು ತುಣುಕುಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ, ಹುಡುಕಿದರೆ ಮಾತ್ರ ಒಂದಕ್ಕೊಂದು ಸಿಗುವುದಿಲ್ಲ. ಆದ್ದರಿಂದ ಎಣಿಸುವುದಕ್ಕೆ ಮೊದಲು ಪಠ್ಯವನ್ನೆಲ್ಲ ಒಂದೇ ರೂಪಕ್ಕೆ ತರಬೇಕು. ‘ರ‍್ಯಾಂಕ್’ ಎಂಬ ಪದದ ಒಳಗೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಕುಳಿತಿರುತ್ತದೆ. ಅದನ್ನು ಅಕ್ಷರವೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. (ನೀವು ಮುಂದೆ ಹಾಡುಗಳನ್ನು ಟೈಪ್ ಮಾಡಿ ಹುಡುಕಲು ಹೊರಟಾಗ ಈ ಎಲ್ಲ ತೊಡಕುಗಳೂ ಬರುತ್ತವೆ, ಈಗಲೇ ಗುರುತು ಹಾಕಿಕೊಳ್ಳಿ.)

ಭಾಮಿನಿ ಷಟ್ಪದಿಗಾಗಿ ನಾನೇ ಒಂದು ಸಾಲು ಕಟ್ಟಿ ಪರೀಕ್ಷೆಗೆ ಇಟ್ಟುಕೊಂಡಿದ್ದೆ: ‘ಮಳೆಯು ಸುರಿದಿರೆ ಮನೆಯ ಮಾಡಿಗೆ’. ಇಂಥ ಸಾಲಿಗೆ ಬೇಕಾದ ಗಣಗಳು, ಅಂದರೆ ಮಾತ್ರೆಗಳ ಗುಂಪುಗಳು, ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು ಹದಿನಾಲ್ಕು ಮಾತ್ರೆ. ಸಾಧನ ಸರಿಯೆಂದಿತು. ತಂದೆಯವರು ಅದನ್ನು ಮೊದಲ ಸಲ ತೆರೆದಾಗ ಆ ಸಾಲು ಅಲ್ಲಿಯೇ ಇತ್ತು. ಅವರು ಅದನ್ನು ಅಳಿಸದೆ, ಅದರ ಕೆಳಗೆ ‘ಹೊಳೆಯ ದನಿಯದು ಬಳಿಗೆ ಬಂದಿತು’ ಎಂದು ಬರೆದು ಪ್ರಾಸವನ್ನೂ ಕೂಡಿಸಿದರು. ಪದ್ಯವನ್ನು ಪರೀಕ್ಷಿಸಲೆಂದು ಮಾಡಿದ ಯಂತ್ರವನ್ನು ಪದ್ಯ ಕಟ್ಟಲು ಬಳಸಬಹುದೆಂದು ನನಗೆ ಹೊಳೆದಿರಲಿಲ್ಲ. ಎರಡನೆಯ ಅಕ್ಷರದ ಪ್ರಾಸವನ್ನು ನೋಡುವ ಭಾಗವನ್ನು ಸೇರಿಸಿದ್ದು ಅದಾದ ಮೇಲೆ.

ಆದರೆ ನಿಜವಾದ ಅಚ್ಚರಿ ಬಂದದ್ದು ಹಳಗನ್ನಡದ ಕಂದ ಪದ್ಯಗಳಲ್ಲಿ. ಕಂದದ ಲೆಕ್ಕ ಬಹಳ ಕಟ್ಟುನಿಟ್ಟಾದದ್ದು: ಒಂದು, ಮೂರನೆಯ ಸಾಲುಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡು, ನಾಲ್ಕನೆಯ ಸಾಲುಗಳಲ್ಲಿ ಐದು ಗಣ, ಒಟ್ಟು 64 ಮಾತ್ರೆ. ಕೆಲವು ಪದ್ಯಗಳು ನನ್ನ ಸಾಧನದಲ್ಲಿ 65 ಎಂದು ಬರುತ್ತಿದ್ದವು. ಮುದ್ರಣದ ತಪ್ಪಿರಬೇಕೆಂದು ನಾನು ಒಂದು ವಾರ ಬೇರೆ ಬೇರೆ ಆವೃತ್ತಿಗಳನ್ನು ತಿರುವಿ ಹಾಕಿದೆ. ತಂದೆಯವರಿಗೆ ಓದಿ ಹೇಳಿದಾಗ ಅವರು ಕ್ಷಣವೂ ತಡೆಯದೆ, ಅದು ಶಿಥಿಲದ್ವಿತ್ವ ಎಂದರು. ಹಳಗನ್ನಡದಲ್ಲಿ ರ, ಳ, ೞ ಮೊದಲಾದವು ಸೇರಿದ ಕೆಲವು ಒತ್ತಕ್ಷರಗಳನ್ನು ತೇಲಿಸಿ ಉಚ್ಚರಿಸುತ್ತಿದ್ದರು. ಅವುಗಳ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಕೇಶಿರಾಜನ ವ್ಯಾಕರಣದಲ್ಲಿ ಇದರ ಚರ್ಚೆಯಿದೆ. ನಾನು ಅದನ್ನು ಪರೀಕ್ಷೆಗಾಗಿ ಓದಿ, ಮರೆತಿದ್ದೆ. ಯಂತ್ರಕ್ಕೆ ಕಣ್ಣಿನ ನಿಯಮ ಮಾತ್ರ ಗೊತ್ತಿತ್ತು. ಪದ್ಯ ನಡೆಯುತ್ತಿದ್ದದ್ದು ಕಿವಿಯ ನಿಯಮದಿಂದ. ಆ ಒಂದು ಹೆಚ್ಚಿನ ಮಾತ್ರೆಯಿಂದ ಸಾವಿರ ವರ್ಷದ ಹಿಂದೆ ಒಂದು ಪದವನ್ನು ಹೇಗೆ ನುಡಿಯುತ್ತಿದ್ದರೆಂಬ ಸುಳಿವು ಸಿಕ್ಕಿದ ದಿನ ನನಗಾದ ಸಂತೋಷವನ್ನು ಕಚೇರಿಯ ಯಾವ ಯಶಸ್ಸೂ ಕೊಟ್ಟಿಲ್ಲ. ಕಚೇರಿಯಲ್ಲಿ ಆಗಿದ್ದರೆ 64ಕ್ಕೆ ಬದಲು 65 ಬಂದದ್ದನ್ನು ದೋಷವೆಂದು ದಾಖಲಿಸಿ, ಆ ದಿನವೇ ಮುಚ್ಚಿಬಿಡುತ್ತಿದ್ದೆ. ಈಗ ಸಾಧನವು ಇಂಥ ಕಡೆಗಳಲ್ಲಿ ತೀರ್ಪು ಕೊಡುವುದಿಲ್ಲ. ಎರಡು ಬಗೆಯ ಪ್ರಸ್ತಾರವನ್ನೂ ತೋರಿಸಿ ಓದುಗರಿಗೆ ಬಿಡುತ್ತದೆ.

ಮಿತಿಯ ವಿಷಯಕ್ಕೂ ಛಂದಸ್ಸಿನಲ್ಲಿಯೇ ಒಳ್ಳೆಯ ಉದಾಹರಣೆ ಇದೆ. ಮೂರು ಮಾತ್ರೆಯ ಗಣವನ್ನು ಲಘು ಗುರುಗಳಿಂದ ಮೂರು ಬಗೆಯಲ್ಲಿ ಕಟ್ಟಬಹುದು, ನಾಲ್ಕು ಮಾತ್ರೆಯದನ್ನು ಐದು ಬಗೆಯಲ್ಲಿ, ಐದು ಮಾತ್ರೆಯದನ್ನು ಎಂಟು ಬಗೆಯಲ್ಲಿ. ಮೂರು, ಐದು, ಎಂಟು ಎಂಬ ಈ ಸರಣಿಯನ್ನು ಇಟಲಿಯ ಫಿಬೊನಾಚಿಯ ಹೆಸರಿನಿಂದ ಕರೆಯುತ್ತಾರೆ. 1202ರ ಅವನ ಗ್ರಂಥಕ್ಕೆ ಮೊದಲೇ ವಿರಹಾಂಕ, ಹೇಮಚಂದ್ರರಂಥ ನಮ್ಮ ಛಂದಶ್ಶಾಸ್ತ್ರಕಾರರು ಮಾತ್ರಾವೃತ್ತಗಳನ್ನು ಎಣಿಸುತ್ತ ಅದನ್ನು ಕಂಡುಕೊಂಡಿದ್ದರು. ಭಾಮಿನಿಯ ಒಂದು ಸಾಲಿಗೆ ಈ ಲೆಕ್ಕದಲ್ಲಿ 225 ವಿನ್ಯಾಸಗಳು ಬರುತ್ತವೆ. ಗಣವು ಲಘುವಿನ ಹಿಂದೆಯೇ ಗುರು ಬಂದು ಆರಂಭವಾಗಬಾರದೆಂಬ ಕಟ್ಟಳೆಯನ್ನು ಹಾಕಿದರೆ ಅವು 64ಕ್ಕೆ ಇಳಿಯುತ್ತವೆ. ಈ ಇಕ್ಕಟ್ಟಿನೊಳಗೆ ನಿಂತು ಕುಮಾರವ್ಯಾಸ ಯುದ್ಧವನ್ನೂ ಹೇಳಿದ, ವಿನೋದವನ್ನೂ ಹೇಳಿದ, ದ್ರೌಪದಿಯ ದುಃಖವನ್ನೂ ಹೇಳಿದ. ಮಿತಿ ಅವನ ಮಾತನ್ನು ಕಟ್ಟಿಹಾಕಲಿಲ್ಲ. ಅದಕ್ಕೊಂದು ನಡಿಗೆ ಕೊಟ್ಟಿತು.

ತಂತ್ರಜ್ಞಾನದಲ್ಲಿಯೂ ನಮ್ಮ ಭಾಷೆಗೆ ಇಂಥ ಕೆಲಸ ಮಾಡಿಟ್ಟವರಿದ್ದಾರೆ. ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿದ ಕೆ.ಪಿ. ರಾವ್ ಅವರ ಎದುರಿಗಿದ್ದದ್ದು ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳ ಕೀಲಿಮಣೆ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಸೇರಿಸಿದರೆ ರೂಪಗಳು ಸಾವಿರಾರು. ಪ್ರತಿ ರೂಪಕ್ಕೂ ಒಂದು ಕೀಲಿ ಕೊಡುವುದು ಅಸಾಧ್ಯವಾದ್ದರಿಂದಲೇ ಅವರು ಭಾಷೆಯ ಒಳಗಿನ ತರ್ಕವನ್ನು ಹಿಡಿದರು: ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಒತ್ತು ಬೇಕಾದಾಗ ನಡುವೆ ಹಲಂತಕ್ಕಾಗಿ ‘ಎಫ್’. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಎಲ್ಲರ ಬೆರಳುಗಳಲ್ಲಿಯೂ ಆ ತರ್ಕ ಇಂದಿಗೂ ಇದೆ. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸಿನ ಗತಿಯನ್ನು ಆಳವಾಗಿ ಶೋಧಿಸಿದ ವಿದ್ವಾಂಸರೆಂಬುದು ಈ ಸಂದರ್ಭದಲ್ಲಿ ನನಗೆ ವಿಶೇಷವಾಗಿ ಪ್ರಿಯವಾದ ಸಂಗತಿ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ತಂತ್ರಾಂಶವೂ ಒಬ್ಬ ವ್ಯಕ್ತಿಯ ಆಸಕ್ತಿಯಿಂದ ಹುಟ್ಟಿ, ಪರದೇಶಗಳಲ್ಲಿದ್ದ ಸಾವಿರಾರು ಕನ್ನಡಿಗರು ಮೊದಲ ಸಲ ಕನ್ನಡದಲ್ಲಿ ಕಾಗದ ಬರೆಯುವಂತೆ ಮಾಡಿತು. ದೂರದ ಉದಾಹರಣೆ ಬೇಕಿದ್ದರೆ ಡೊನಾಲ್ಡ್ ಕ್ನೂತ್ ಅವರನ್ನು ನೆನೆಯಬಹುದು: 1977ರಲ್ಲಿ ತಮ್ಮ ಪುಸ್ತಕದ ಹೊಸ ಮುದ್ರಣದ ಕರಡು ಕಣ್ಣಿಗೆ ಒಪ್ಪಲಿಲ್ಲವೆಂದು ಅಕ್ಷರ ಜೋಡಣೆಯ ತಂತ್ರಾಂಶವನ್ನೇ ಬರೆಯಲು ಕುಳಿತವರು, ಅದನ್ನು ತೃಪ್ತಿಯಾಗುವಂತೆ ಮುಗಿಸಲು ಸುಮಾರು ಹತ್ತು ವರ್ಷ ತೆಗೆದುಕೊಂಡರು. ಇವರಲ್ಲಿ ಯಾರೂ ವೇದಿಕೆಯನ್ನು ಮೊದಲು ಕಟ್ಟಿ, ಅದರ ಮೇಲೆ ಏನನ್ನು ಇಡಬೇಕೆಂದು ಆಮೇಲೆ ಹುಡುಕಲಿಲ್ಲ. ಕಣ್ಣೆದುರಿಗಿದ್ದ ಒಂದು ಕೊರತೆ ಅವರನ್ನು ಕಾಡಿತು.

ಎಐ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ನನ್ನ ಅನುಭವದಷ್ಟೇ ಉತ್ತರ ಕೊಡಬಲ್ಲೆ. ಸಾಧನದ ಪರೀಕ್ಷೆಗಳನ್ನು ಬರೆಯಲು ನಾನೂ ಎಐ ನೆರವು ಪಡೆದಿದ್ದೇನೆ. ಎರಡು ವಾರಾಂತ್ಯಗಳ ಕೆಲಸ ಒಂದು ಸಂಜೆಯಲ್ಲಿ ಮುಗಿಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಭಾಮಿನಿಯಲ್ಲಿ ಒಂದು ಪದ್ಯ ಬರೆದುಕೊಡೆಂದು ಕೇಳಿದರೆ ಆರು ಸಾಲುಗಳನ್ನೂ ಕೊಡುತ್ತದೆ. ಆದರೆ ನಾನು ಪರೀಕ್ಷಿಸಿದ ಸಲವೆಲ್ಲ ಒಂದೆರಡು ಸಾಲುಗಳಲ್ಲಾದರೂ ಮಾತ್ರೆ ತಪ್ಪಿತ್ತು. ಆ ಮಾದರಿಗಳು ಪಠ್ಯವನ್ನು ಕಾಣುವುದು ಬೈಟ್‌ಗಳ ತುಣುಕುಗಳಾಗಿ. ಆ ತುಣುಕಿನ ಗಡಿ ನಮ್ಮ ಅಕ್ಷರದ ಗಡಿಯಲ್ಲಿಯೇ ಬೀಳಬೇಕೆಂದಿಲ್ಲ. ಮುಂದೆ ಇದು ಸುಧಾರಿಸಬಹುದು, ಅದರಿಂದ ನನಗೇನೂ ಬೇಸರವಿಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೊಂದು ಪ್ರಸಂಗ. ಶಿಥಿಲದ್ವಿತ್ವವಿದ್ದ ಪದ್ಯ ಪರೀಕ್ಷೆಯಲ್ಲಿ ಸೋತಾಗ ಅದನ್ನು ಸರಿಪಡಿಸುವ ದಾರಿ ಕೇಳಿದೆ. ಪದ್ಯದಲ್ಲಿದ್ದ ಹಳಗನ್ನಡದ ಪದವನ್ನು ತೆಗೆದು ಹೊಸಗನ್ನಡದ ರೂಪವನ್ನು ಹಾಕಿ, ಪರೀಕ್ಷೆ ಈಗ ಗೆದ್ದಿದೆ ಎಂದು ಅದು ತಿಳಿಸಿತು. ಲೆಕ್ಕ ಸರಿಹೋಗಿತ್ತು, ಕವಿಯ ಮಾತು ಹೋಗಿತ್ತು. ಪರೀಕ್ಷೆ ಗೆಲ್ಲಬೇಕೋ ಪದ್ಯ ಉಳಿಯಬೇಕೋ ಎಂಬುದನ್ನು ತೀರ್ಮಾನಿಸುವ ಕೆಲಸ ಆ ಪದ್ಯದ ಮೇಲೆ ಪ್ರೀತಿಯಿದ್ದವರದು. ನಿಮ್ಮ ಅಜ್ಜಿಯ ದನಿಯ ವಿಷಯದಲ್ಲಿ ಅಂಥ ನೂರು ತೀರ್ಮಾನಗಳು ನಿಮ್ಮನ್ನು ಕಾಯುತ್ತಿವೆ. ಅವುಗಳನ್ನು ನಿಮ್ಮ ಮನೆಯವರು ಬಿಟ್ಟರೆ ಬೇರೆ ಯಾರೂ ಮಾಡಲಾರರು.

ಖರ್ಚಿನ ವಿಷಯವನ್ನು ಬೇಗ ಮುಗಿಸುತ್ತೇನೆ. ನನ್ನ ಹಳೆಯ ಕಟ್ಟಡವನ್ನು ಕೆಡವಿದೆನೆಂದುಕೊಂಡ ಮೇಲೂ ಒಂದು ಲೋಡ್ ಬ್ಯಾಲೆನ್ಸರ್ ಮತ್ತು ಅದಕ್ಕೆ ಹೊಂದಿಕೊಂಡ ಕೆಲವು ಭಾಗಗಳು ಉಳಿದುಬಿಟ್ಟಿದ್ದವು. ಯಾರೂ ಬಳಸದಿದ್ದರೂ ಗಂಟೆಯ ಬಾಡಿಗೆ ಓಡುತ್ತಲೇ ಇತ್ತು, ಮೂರು ತಿಂಗಳಲ್ಲಿ 9,000 ರೂಪಾಯಿ ಹೋಯಿತು. ಬಳಕೆಗೆ ತಕ್ಕಂತೆ ದರ ಹಾಕುವ ಸೇವೆ ಯಾವುದು, ಸುಮ್ಮನಿದ್ದರೂ ದರ ಹಾಕುವ ಸೇವೆ ಯಾವುದು ಎಂಬುದನ್ನು ಮೊದಲೇ ನೋಡಿಕೊಳ್ಳಿ. ಬಜೆಟ್ ಎಚ್ಚರಿಕೆಯನ್ನು ಹಾಕಿಕೊಳ್ಳಲೇಬೇಕು, ಆದರೆ ಅದು ಸಾಮಾನ್ಯವಾಗಿ ಎಚ್ಚರಿಸುತ್ತದೆಯೇ ಹೊರತು ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ. ನಿಮ್ಮ ಯೋಜನೆಗೆ ಕ್ಲೌಡ್‌ನ ಅಗತ್ಯ ಇರುವುದು ಒಂದೇ ಕಡೆ: ಮನೆಯಲ್ಲಿ ಎರಡು ಪ್ರತಿಗಳನ್ನು ಬೇರೆ ಬೇರೆ ಸಾಧನಗಳಲ್ಲಿ ಇಟ್ಟ ಮೇಲೆ, ಮೂರನೆಯ ಪ್ರತಿಯನ್ನು ದೂರದಲ್ಲಿ ಇಡುವುದಕ್ಕೆ. ಹನ್ನೊಂದು ಒಂಬತ್ತುಗಳ (ಶೇಕಡಾ 99.999999999) ಬಾಳಿಕೆಯೆಂದು ಸಂಗ್ರಹ ಸೇವೆಗಳು ಹೇಳಿಕೊಳ್ಳುವುದು ಡಿಸ್ಕ್ ಕೆಡುವುದರ ವಿರುದ್ಧ. ನೀವೇ ತಪ್ಪಿ ಅಳಿಸಿದರೆ, ಅಥವಾ ಕಾರ್ಡಿನ ಅವಧಿ ಮುಗಿದು ಬಿಲ್ ಕಟ್ಟದೆ ಖಾತೆ ಮುಚ್ಚಿದರೆ ಆ ಒಂಬತ್ತುಗಳಿಂದ ಪ್ರಯೋಜನವಿಲ್ಲ.

ಕರಾರಿನ ವಿಷಯದಲ್ಲಿ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮು ಮುಖ್ಯ. ಉದ್ಯೋಗದ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತನೇ ಮೊದಲ ಒಡೆಯ. ಉದ್ಯೋಗದ ಆಚೆಗೆ ಮಾಡಿದ್ದು ನಿಮ್ಮದು. ಆದರೆ ಅನೇಕ ಕಂಪನಿಗಳ ನೇಮಕಾತಿ ಪತ್ರದಲ್ಲಿ ಇದಕ್ಕಿಂತ ವಿಸ್ತಾರವಾದ ಮಾತುಗಳಿರುತ್ತವೆ. ಅದನ್ನು ಇಡಿಯಾಗಿ ಓದಿ, ಸಂದೇಹವಿದ್ದರೆ ಬರವಣಿಗೆಯಲ್ಲಿ ಅನುಮತಿ ಪಡೆಯಿರಿ. ಕಚೇರಿಯ ಲ್ಯಾಪ್‌ಟಾಪ್, ಕಚೇರಿಯ ಕ್ಲೌಡ್ ಖಾತೆ, ಕಚೇರಿಯ ಎಐ ಸೌಲಭ್ಯ, ಈ ಮೂರನ್ನೂ ಇದಕ್ಕೆ ಮುಟ್ಟಬೇಡಿ. ದಣಿವಿನ ಬಗ್ಗೆಯೂ ಒಂದು ಮಾತು: ಆನ್-ಕಾಲ್ ಇರುವ ವಾರದಲ್ಲಿ ಸ್ವಂತ ಯೋಜನೆಗೆ ಕೈ ಹಾಕಬೇಡಿ. ಅರ್ಧ ಮನಸ್ಸು ಫೋನಿನ ಕಡೆಗಿದ್ದಾಗ ಹಾಡು ಕಿವಿಗೆ ಬೀಳುವುದಿಲ್ಲ. ಆ ವಾರ ಕೆಲಸ ಮುಂದೆ ಹೋಗಲಿಲ್ಲವೆಂದು ಕೊರಗುವುದೂ ಬೇಡ.

ಇನ್ನು ನಿಮ್ಮ ಕ್ಯಾಸೆಟ್‌ಗಳು. ಉತ್ತರ ಕರ್ನಾಟಕದ ಬೀಸುವ ಪದಗಳು ಬಹುಮಟ್ಟಿಗೆ ತ್ರಿಪದಿಗಳು; ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಕ್ರಿ.ಶ. 700ರ ಸುಮಾರಿನ ಶಾಸನದಲ್ಲಿಯೂ ಇದೇ ಮಟ್ಟು ಇದೆ. ಹನ್ನೊಂದು ಗಣ, ಅವುಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ (ಎರಡು ಅಂಶದ್ದು), ಉಳಿದವು ವಿಷ್ಣುಗಣ (ಮೂರು ಅಂಶದ್ದು) ಎಂಬುದು ಲಕ್ಷಣ. ನನ್ನ ಸಾಧನಕ್ಕೆ ಒಂದು ತ್ರಿಪದಿಯನ್ನು ಕೊಟ್ಟರೆ ಅದು ಸುಮ್ಮನೆ ಸೋಲುತ್ತದೆ, ಏಕೆಂದರೆ ಇದು ಅಂಶಛಂದಸ್ಸು. ಇಲ್ಲಿ ಅಕ್ಷರದ ಉದ್ದವನ್ನು ಬರೆಹ ನಿರ್ಧರಿಸುವುದಿಲ್ಲ. ಹಾಡುವವರು ಎಳೆದಷ್ಟು, ಮೊಟಕಿಸಿದಷ್ಟು ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯುವ ಪ್ರಮಾಣವನ್ನು ಹೇಳುವುದು ಬೀಸುಗಲ್ಲಿನ ಸುತ್ತು. ಪುಸ್ತಕದಲ್ಲಿ ಅಚ್ಚಾದ ತ್ರಿಪದಿಯಿಂದ ಇದನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ನಿಮ್ಮ ಸೋದರಮಾವ ಟೇಪ್ ರೆಕಾರ್ಡರನ್ನು ಕಲ್ಲಿನ ಹತ್ತಿರ ಇಟ್ಟಿದ್ದರೆ ಹಾಡಿನ ಜೊತೆಗೆ ಕಲ್ಲಿನ ಸದ್ದೂ ಅದರಲ್ಲಿರುತ್ತದೆ. ಆ ಸದ್ದನ್ನು ಗದ್ದಲವೆಂದು ತಂತ್ರಾಂಶದಿಂದ ತೆಗೆಸಿಬಿಡಬೇಡಿ. ಯಾವ ಅಕ್ಷರ ಎಷ್ಟು ಉದ್ದವೆಂದು ಹೇಳುವ ಸಾಕ್ಷಿ ಅದೊಂದೇ.

ನೀವು ಮಾಡಬೇಕಾದದ್ದು ಇಷ್ಟು. ಚೆನ್ನಾಗಿರುವ ಹಳೆಯ ಕ್ಯಾಸೆಟ್ ಡೆಕ್ ಒಂದನ್ನು ಹುಡುಕಿ, ಅದರ ಹೆಡ್ ಮತ್ತು ರಬ್ಬರ್ ರೋಲರನ್ನು ಶುಚಿ ಮಾಡಿಸಿ, ಮೊದಲು ಬೇರೆ ಯಾವುದಾದರೂ ಬೇಡದ ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಕ್ಯಾಸೆಟ್ಟಿನ ಟೇಪು ಓಡಬೇಕಾದ ವೇಗ ಸೆಕೆಂಡಿಗೆ 4.76 ಸೆಂ.ಮೀ.; ರೆಕಾರ್ಡ್ ಮಾಡುವಾಗ ಸೆಲ್ ಮುಗಿಯುತ್ತ ಬಂದಿದ್ದರೆ ಟೇಪು ನಿಧಾನವಾಗಿ ಓಡಿರುತ್ತದೆ, ಈಗ ಕೇಳುವಾಗ ಅಜ್ಜಿಯ ದನಿ ಇದ್ದದ್ದಕ್ಕಿಂತ ಎಳೆಯದಾಗಿ, ಅವಸರದಲ್ಲಿ ಕೇಳಿಸುತ್ತದೆ. ಅದನ್ನು ಸರಿಪಡಿಸಬಹುದು, ಪ್ರತಿಯಲ್ಲಿ ಮಾತ್ರ. ಮೂಲದ ಫೈಲನ್ನು ಬಂದಂತೆಯೇ ಇಡಿ. ಹುಡುಕುವ ವ್ಯವಸ್ಥೆಗೆ ಮೊದಲ ವರ್ಷ ಒಂದು ಸ್ಪ್ರೆಡ್‌ಶೀಟ್ ಸಾಕು: ಕ್ಯಾಸೆಟ್ ಸಂಖ್ಯೆ, ಬದಿ, ನಿಮಿಷ, ಹಾಡಿನ ಮೊದಲ ಸಾಲು, ಯಾರ ದನಿ. ಮಾತನ್ನು ಬರಹಕ್ಕೆ ತರುವ ಎಐ ಮಾದರಿಗಳು ಕನ್ನಡಕ್ಕೂ ಇವೆ, ಆದರೆ ಬೀಸುಗಲ್ಲಿನ ಸದ್ದಿನ ನಡುವೆ ಎಳೆದು ಹಾಡಿದ ಧಾರವಾಡದ ಮಾತಿನಲ್ಲಿ ಅವು ಬಹಳ ತಪ್ಪುತ್ತವೆ. ನಿಮ್ಮ ತಾಯಿಯವರಿಗೋ ಸೋದರತ್ತೆಗೋ ಆ ಹಾಡುಗಳು ಬಾಯಿಗೆ ಬರುತ್ತಿದ್ದರೆ ಅವರನ್ನೇ ಕೇಳಿ ಬರೆದುಕೊಳ್ಳಿ. ಮನೆಯ ಹೆಂಗಸರು ತಮ್ಮ ದುಃಖವನ್ನು ಹಾಡಿಕೊಂಡ ಪದಗಳೂ ಅಲ್ಲಿರಬಹುದು. ಯಾವುದು ಹೊರಗಿನವರಿಗೆ, ಯಾವುದು ಮನೆಯವರಿಗಷ್ಟೇ ಎಂಬುದನ್ನು ಅವರೇ ಹೇಳಲಿ.

ಮುಂದಿನ ಸಲ ಊರಿಗೆ ಹೊರಟಾಗ ಡೆಕ್ಕನ್ನು ಜೊತೆಗೆ ತೆಗೆದುಕೊಂಡು ಹೋಗಿ. ಮೊದಲ ಕ್ಯಾಸೆಟ್ಟಿನ ಒಂದು ಬದಿಯನ್ನು ಮಾತ್ರ, ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಿ; ಅದು ಲ್ಯಾಪ್‌ಟಾಪಿಗೆ ಇಳಿಯುತ್ತಿರುವಾಗ, ಕೇಳುತ್ತ ಕುಳಿತವರು ನಡುನಡುವೆ ಹೇಳುವ ಮಾತುಗಳನ್ನು ನಿಮ್ಮ ಫೋನಿನಲ್ಲಿ ಬೇರೆಯಾಗಿ ಹಿಡಿದಿಟ್ಟುಕೊಳ್ಳಿ.